ದಟ್ಟಗಳ್ಳಿಯ ನಾಯಿ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನಮ್ಮ ನಾಯಿ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಬಂದಾಗ ನಾನೂ ನನ್ನ ಹೆಂಡತಿ ಶೈಲಾಳೂ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ಇಬ್ಬರೂ ಅದನ್ನು ಎರಡೆರಡು ಸಲ ಓದಿದೆವು. ಆಮೇಲೆ ಶೈಲಾ, "ನಿಮ್ಮ ಸೊಂಟಕ್ಕೆ ಬೆಲ್ಟ್ ಹಾಕಿ ಗ್ರೌಂಡ್ ಸುತ್ತ ಓಡಿಸಿದ್ರಲ್ಲ, ನೆನಪಿದ್ಯೇನ್ರೀ?" ಎಂದಳು. ಅವಳಿಗೆ ನಗು ಬಂತು. ನನಗೂ ಬಂತು. ನಗುತ್ತ ನಗುತ್ತ ಇಬ್ಬರೂ ಅತ್ತೆವು, ಅಳುತ್ತ ಮತ್ತೆ ನಕ್ಕೆವು, ಅವರೆಕಾಳೆಲ್ಲ ನೆಲದ ಪಾಲಾಯಿತು. ಸಾವಿನ ಸುದ್ದಿ ಕೇಳಿ ನಗುವುದು ತಪ್ಪೆಂದು ನನಗೂ ಗೊತ್ತು. ಆದರೆ ಆಕೆಯನ್ನು ನೆನೆದು ಗಂಭೀರವಾಗಿ ಕೂರುವುದು ನಮ್ಮ ಕ್ಲಾಸಿನ ಯಾರಿಂದಲೂ ಆಗದ ಕೆಲಸ.

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತರಾದವರು ಅವರು. ಹಳೆಯ ವಿದ್ಯಾರ್ಥಿನಿಯರಿಗೆ ಪಿ.ಟಿ. ಮೇಡಂ, ಮೈಸೂರಿನ ದಟ್ಟಗಳ್ಳಿ ಬಡಾವಣೆಯ ನಮಗೆ ನಾಯಿ ಮೇಡಂ. ಎರಡು ಹೆಸರಿಗೂ ಅವರ ಒಪ್ಪಿಗೆ ಇತ್ತು. "ಮೊದ್ಲು ಹುಡ್ಗೀರು, ಈಗ ನಾಯಿಗಳು. ಕೆಲ್ಸ ಒಂದೇ ಕಣ್ರೀ. ಆಗ ಪೇರೆಂಟ್ಸ್ ಮೀಟಿಂಗ್ ವರ್ಷಕ್ಕೊಂದ್ಸಲ ಇರ್ತಿತ್ತು, ಈಗ ವಾರವಾರ ಆಗಿದೆ, ಅಷ್ಟೇ ಕಷ್ಟ" ಎನ್ನುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ತುರುಬಿನಲ್ಲಿ ಒಂದು ಗೇಣು ಮಲ್ಲಿಗೆ. ಕೊರಳಲ್ಲಿ ವಿಷಲ್ ನೇತಾಡುತ್ತಿತ್ತು, ಆದರೆ ಅದನ್ನು ಊದಿದ್ದನ್ನು ನಾನು ಕಾಣೆ. ಅವರ ಗಂಟಲಿಗೆ ಅದರ ಅಗತ್ಯವೇ ಇರಲಿಲ್ಲ.

ನಮ್ಮನ್ನು ಅವರ ಹತ್ತಿರ ಎಳೆದುಕೊಂಡು ಹೋದವನು ಪುಟ್ಟ. ನಿಜವಾಗಿಯೂ ಎಳೆದುಕೊಂಡೇ ಹೋದದ್ದು. ಪುಟ್ಟ ನಮ್ಮ ನಾಯಿ. ಅಂಗೈಯಲ್ಲಿ ಹಿಡಿಯುವಷ್ಟಿದ್ದಾಗ ಇಟ್ಟ ಹೆಸರು. ವರ್ಷ ತುಂಬುವಷ್ಟರಲ್ಲಿ ಹಿಂಗಾಲ ಮೇಲೆ ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದ. ತಾಯಿ ಲ್ಯಾಬ್ರಡಾರ್. ತಂದೆ ಯಾರೆಂದು ಇಡೀ ಬೀದಿಗೆ ಗೊತ್ತಿದ್ದರೂ ಯಾರೂ ಬಾಯಿಬಿಡಲಿಲ್ಲ. ಅವನು ಕಚ್ಚುವವನಲ್ಲ, ಗುರ್ ಎನ್ನುವವನೂ ಅಲ್ಲ. ಅವನ ತಪ್ಪೆಲ್ಲ ಪ್ರೀತಿಯ ಕಡೆಯಿಂದಲೇ ಆಗುತ್ತಿತ್ತು. ಯಾರು ಗೇಟು ತೆಗೆದರೂ ಓಡಿಬಂದು, ಎರಡೂ ಮುಂಗಾಲು ಅವರ ಎದೆಯ ಮೇಲಿಟ್ಟು, ಮುಖ ನೆಕ್ಕಿದರೇ ಅವನಿಗೆ ಸಮಾಧಾನ.

ನಾವಿರುವುದು ಬಾಡಿಗೆ ಮನೆ. ಕೆಳಗೆ ನಾವು, ಮಹಡಿಯ ಮೇಲೆ ಮನೆಯ ಯಜಮಾನರು ಮತ್ತು ಅವರ ಪತ್ನಿ ವಿಶಾಲಾಕ್ಷಮ್ಮ. ಆಕೆ ದಿನಾ ಬೆಳಿಗ್ಗೆ ದೇವರಿಗೆ ದಾಸವಾಳ ಕೀಳಲು ಕೆಳಗೆ ಇಳಿಯುತ್ತಿದ್ದರು. ಮೆಟ್ಟಿಲ ಮೇಲೆ ಅವರ ಬಳೆಯ ಸದ್ದಾದರೆ ಸಾಕು, ಪುಟ್ಟ ಹಾರಿಹೋಗಿ ಅವರ ಮೇಲೆ ಬೀಳುತ್ತಿದ್ದ. ಹೂವಿನ ಬುಟ್ಟಿ ಒಂದು ಕಡೆ, ಹೂವು ಒಂದು ಕಡೆ, ಮಡಿಸೀರೆಯ ಮೇಲೆ ಕೆಸರಿನ ಎರಡು ಹೆಜ್ಜೆ. ನಾವು ಅಯ್ಯಯ್ಯೋ ಎನ್ನುತ್ತ ಓಡಿದರೆ, ಕಾಂಪೌಂಡ್ ಗೋಡೆಗೆ ಅಂಟಿಕೊಂಡು ನಿಂತ ಆಕೆ ನಗುಮುಖದಿಂದ, "ಪರ್ವಾಗಿಲ್ಲ ಬುಡಿ. ಪಾಪ, ಮೂಕಪ್ರಾಣಿ" ಎನ್ನುತ್ತಿದ್ದರು. ನಾವು ನಂಬಿದೆವು. "ಅವ್ರಿಗೆ ಪುಟ್ಟ ಅಂದ್ರೆ ಪ್ರಾಣ" ಎಂದು ಶೈಲಾ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಒಂದು ಸಂಜೆ ಯಜಮಾನರು ಕೆಳಗೆ ಬಂದರು. ಕಾಫಿ ಕುಡಿದರು. ಬಿಸಿಲಿನ ಬಗ್ಗೆ, ಕಬಿನಿ ನೀರಿನ ಬಗ್ಗೆ, ಈ ಸಲ ದಸರೆಗೆ ಯಾವ ಆನೆ ಅಂಬಾರಿ ಹೊರಬಹುದು ಎನ್ನುವ ಬಗ್ಗೆ ಮಾತಾಡಿ ಎದ್ದರು. ಮೈಸೂರಿನಲ್ಲಿ ಮುಖ್ಯ ವಿಷಯ ಯಾವಾಗಲೂ ಗೇಟಿನ ಹತ್ತಿರ ಬರುತ್ತದೆ. ಚಿಲಕದ ಮೇಲೆ ಕೈಯಿಟ್ಟು, "ಅಂದ್ಹಾಗೆ ಸಾರ್, ಗೌರಿ ಹಬ್ಬದೊಳಗೆ ಆ ನಾಯಿಗೊಂದು ವ್ಯವಸ್ಥೆ ಮಾಡ್ಬುಡಿ. ನಮ್ಮನೆಯವ್ರು ಹೆದರ್ಕೊಂಡು ಕೆಳಗೆ ಇಳಿಯೋದನ್ನೇ ಬಿಡ್ತಾ ಇದ್ದಾರೆ. ನಾಯಿ ಇರ್ಲೇಬೇಕು ಅಂದ್ರೆ ನೀವು ಬೇರೆ ಮನೆ ನೋಡ್ಕೋಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ" ಎಂದರು. ನಾನು ಅಭ್ಯಾಸಬಲದಿಂದ, "ಪರ್ವಾಗಿಲ್ಲ ಸಾರ್" ಎಂದುಬಿಟ್ಟೆ.

ನಾಯಿ ಇರುವವರಿಗೆ ಬಾಡಿಗೆ ಮನೆ ಕೊಡುವ ಪುಣ್ಯಾತ್ಮರು ನಮ್ಮ ಕಡೆ ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ. ಇನ್ನು ಉಳಿದದ್ದು ನಂಜನಗೂಡಿನ ಹತ್ತಿರ ಶೈಲಾಳ ಚಿಕ್ಕಪ್ಪನ ತೋಟ. ಅಲ್ಲಿ ನಾಯಿಗಳನ್ನು ಕಾವಲಿಗೆ ಸರಪಳಿಯಲ್ಲಿ ಕಟ್ಟುತ್ತಾರೆ. ಬಂದ ಕಳ್ಳನಿಗೂ ಮುತ್ತು ಕೊಡುವ ನಮ್ಮ ಪುಟ್ಟ ಸರಪಳಿಯಲ್ಲಿ! ಶೈಲಾ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ಹಾಲಿನ ಬೂತಿನ ಗೋಡೆಯ ಮೇಲೆ ಅವಳಿಗೆ ಒಂದು ಕೈಬರಹದ ಹಾಳೆ ಕಂಡಿತು: "ನಾಯಿಗಳಿಗೂ ನಾಯಿ ಸಾಕಿದವರಿಗೂ ಶಿಸ್ತು ಕಲಿಸಲಾಗುವುದು. ಭಾನುವಾರ ಬೆಳಿಗ್ಗೆ. ತಡವಾಗಿ ಬಂದವರು ಹೊರಗೆ ನಿಲ್ಲತಕ್ಕದ್ದು."

ನಾವು ತಡವಾಗಿಯೇ ಹೋದೆವು. ಹೊರಗೆ ನಿಂತೆವು. ಲೇಔಟಿನ ಖಾಲಿ ಮೈದಾನದಲ್ಲಿ ಹೊಂಗೆ ಮರದ ನೆರಳಿಗೆ ನಾಯಿಗಳನ್ನೆಲ್ಲ ಕಟ್ಟಿಹಾಕಿದ್ದರು. ಬಿಸಿಲಿನಲ್ಲಿ ಸಾಲಾಗಿ ನಿಂತದ್ದು ಮನುಷ್ಯರು. ಮೇಡಂ ಹಾಜರಿ ಕರೆಯುತ್ತಿದ್ದರು. ಕರೆಯುವುದು ನಾಯಿಯ ಹೆಸರು, ಹಾಜರ್ ಎನ್ನಬೇಕಾದದ್ದು ಸಾಕಿದವರು. "ರಾಕಿ!" ಎಂದರೆ ಸಿದ್ಧಾರ್ಥನಗರದಿಂದ ಬರುವ ಬೋಳುತಲೆಯ ಆಡಿಟರ್, "ಹಾಜರ್ ಮೇಡಂ!" "ನಂದಿ!" ಎಂದರೆ ಬಟ್ಟೆ ಅಂಗಡಿಯ ಶಿವಣ್ಣನವರು, "ಆಜರ್ ಮೇಡಂ!" ಸಾಲಿಗೆ ಸೇರಿಸಿಕೊಂಡ ಮೊದಲ ದಿನ "ಪುಟ್ಟ!" ಎಂದಾಗ ನಾನು ಹಿಂದೆ ತಿರುಗಿ ನಾಯಿಯನ್ನು ನೋಡಿದೆ. "ಅಲ್ಲೆಲ್ಲಿ ನೋಡ್ತೀರಿ? ನಿಮ್ಮನ್ನೇ ಕರೆದಿದ್ದು. ನಿಮ್ಮ ಹೆಸರು ಇಲ್ಲಿ ಯಾರಿಗೆ ಬೇಕು?" ಎಂದರು. ಆವತ್ತಿನಿಂದ ಆ ಮೈದಾನದಲ್ಲಿ ನಾನು ಪುಟ್ಟ.

ಅವರ ಕ್ರಮವೇ ಬೇರೆ. ಮೊದಲ ಕೆಲವು ವಾರ ನಾಯಿಗಳಿಗೆ ಪಾಠವೇ ಇಲ್ಲ. ಗಂಡ ನಾಯಿ, ಹೆಂಡತಿ ಸಾಕಿದವಳು, ಆಮೇಲೆ ಅದಲುಬದಲು. ಒಂಟಿಯಾಗಿ ಬಂದವರಿಗೆ ಪಕ್ಕದವರೇ ನಾಯಿ. ನನ್ನ ಸೊಂಟಕ್ಕೆ ಬೆಲ್ಟ್ ಕಟ್ಟಿ ಹಗ್ಗ ಶೈಲಾಳ ಕೈಗೆ ಕೊಟ್ಟಾಗ ಅವಳ ಮುಖದಲ್ಲಿ ಕಂಡ ಕಳೆ ಮದುವೆಯ ದಿನವೂ ಇರಲಿಲ್ಲ. ಹಗ್ಗ ಸುಮ್ಮನೆ ಜಗ್ಗಿದರೆ ಎಷ್ಟು ಸಿಟ್ಟು ಬರುತ್ತದೆ, ಒಂದೇ ಉಸಿರಿಗೆ "ಬಾ, ನಿಲ್ಲು, ಹೋಗು" ಎಂದರೆ ಎಷ್ಟು ಗಲಿಬಿಲಿಯಾಗುತ್ತದೆ ಎಂದು ನನಗೆ ನನ್ನ ಮೇಲೇ ಬಂದಾಗ ತಿಳಿಯಿತು. ಹೊಂಗೆ ಮರದ ಕೆಳಗೆ ನಾಯಿಗಳೆಲ್ಲ ನಾಲಿಗೆ ಚಾಚಿಕೊಂಡು ನಮ್ಮನ್ನೇ ನೋಡುತ್ತಿದ್ದವು. ಪುಟ್ಟನಂತೂ ಒಂದು ಸಲವೂ ಕಣ್ಣು ಮಿಟುಕಿಸಲಿಲ್ಲ.

ಎರಡು ಮಾತು ಕಂಡರೆ ಮೇಡಂಗೆ ಆಗುತ್ತಿರಲಿಲ್ಲ. ನಾನು, "ಪುಟ್ಟಾ, ಕೂತ್ಕೊಳೋ ಕಂದ, ಬಂಗಾರ ಅಲ್ವಾ, ಎಲ್ರೂ ನೋಡ್ತಿದ್ದಾರೆ ಕಣೋ" ಎಂದು ರಾಗ ತೆಗೆದರೆ, "ಸಾರ್, ನಾಯಿಗೆ ಪ್ರವಚನ ಬೇಡ. ಒಂದು ಮಾತು. ಆಮೇಲೆ ಬಾಯಿ ಮುಚ್ಚಿ" ಎನ್ನುತ್ತಿದ್ದರು. ಇಂಗ್ಲಿಷ್ ಕಂಡರೂ ಅಷ್ಟೆ. ನಮ್ಮೂರಿನಲ್ಲಿ ಹೆಂಡತಿ ಮಕ್ಕಳ ಹತ್ತಿರ ಅಚ್ಚ ಕನ್ನಡ ಆಡುವವರೂ ನಾಯಿಯ ಮುಂದೆ ಇಂಗ್ಲಿಷ್ ಮೇಷ್ಟ್ರಾಗುತ್ತಾರೆ. ಆಡಿಟರ್ ತಮ್ಮ ರಾಕಿಗೆ, "ಸಿಟ್ ಡೌನ್, ಐ ಸೇ" ಎಂದು ಗದರುತ್ತಿದ್ದರು. ಮೇಡಂ ಸೊಂಟದ ಮೇಲೆ ಕೈಯಿಟ್ಟು, "ಮನೇಲಿ ಕನ್ನಡದಲ್ಲಿ ಮುದ್ದು ಮಾಡ್ತೀರಿ, ಕನ್ನಡದಲ್ಲಿ ಅನ್ನ ಹಾಕ್ತೀರಿ, ಬುದ್ಧಿ ಮಾತ್ರ ಇಂಗ್ಲಿಷಲ್ಲಿ ಹೇಳ್ತೀರಿ. ಅದು ಯಾರೋ ಬೇರೆಯವ್ರು ಬೈತಿದ್ದಾರೆ ಅನ್ಕೊಳ್ಳುತ್ತೆ" ಎಂದರು. ಆಡಿಟರ್ ಪಾಪ ನಾಚಿಕೊಂಡು, "ಕೂತ್ಕೋ" ಎಂದರು. ರಾಕಿ ದಢಕ್ಕನೆ ಕೂತಿತು. ಆಡಿಟರ್ ಬಗ್ಗಿ ಅದನ್ನು ತಬ್ಬಿಕೊಂಡದ್ದನ್ನು ನೋಡಿ ನಾವೆಲ್ಲ ಚಪ್ಪಾಳೆ ಹೊಡೆದೆವು.

ಶಿವಣ್ಣನವರ ನಂದಿ ಎನ್ನುವುದು ಒಂದು ಮೊಳ ಉದ್ದದ, ಮುಖ ಅಪ್ಪಚ್ಚಿಯಾದ ಪಗ್. ಶಿವಣ್ಣನವರು ಪೂಜೆ ಮುಗಿಸಿ ತಮ್ಮ ಹಣೆಗೆ ಮೂರು ಪಟ್ಟೆ ವಿಭೂತಿ ಎಳೆದುಕೊಂಡು, ಉಳಿದದ್ದನ್ನು ನಂದಿಯ ಹಣೆಗೂ ಬಳಿದೇ ಕರೆತರುತ್ತಿದ್ದರು. ಒಂದು ಭಾನುವಾರ ಆ ನಂದಿ ಮೇಡಂ ಬ್ಯಾಗಿಗೆ ತಲೆ ತೂರಿಸಿ ಕೋಡುಬಳೆಯ ಪೊಟ್ಟಣವನ್ನೇ ಖಾಲಿ ಮಾಡಿತು. ಮೇಡಂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, "ಏನಪ್ಪಾ, ಹಣೆ ಮೇಲೆ ವಿಭೂತಿ ಇದೆ, ನಾಲಿಗೆ ಮೇಲೆ ಹಿಡಿತ ಬೇಡ್ವಾ?" ಎಂದು ಕೇಳಿದರು. ಶಿವಣ್ಣನವರು, "ಎಂಗೆ ಬರುತ್ತೆ ಮೇಡಂ, ನಂಗೇ ಇಲ್ವಲ್ಲ!" ಎಂದು ಹೊಟ್ಟೆ ಕುಣಿಸಿಕೊಂಡು ನಕ್ಕರು. ಕೋಡುಬಳೆ ತಂದು ನಮಗೆಲ್ಲ ಹಂಚುವುದು ಮೇಡಂ ರೂಢಿ. ಅವತ್ತು ಮಾತ್ರ ಎಲ್ಲರೂ ಬಾಯಿ ಚಪ್ಪರಿಸಿಕೊಂಡು ಮನೆಗೆ ಹೋದೆವು.

ಇಷ್ಟೆಲ್ಲ ಕಲಿಸುವ ಮೇಡಂ ಮನೆಯ ನಾಯಿ ಹೇಗಿರಬಹುದು ಎಂದು ನಮಗೆಲ್ಲ ಕುತೂಹಲ. ಒಂದು ಸಲ ಶೈಲಾ ಮಾವಿನಕಾಯಿ ಚಿತ್ರಾನ್ನ ಮಾಡಿ ಡಬ್ಬಿ ಹಿಡಿದು ಕೃಷ್ಣಮೂರ್ತಿಪುರಂನ ಅವರ ಮನೆಗೆ ನನ್ನನ್ನೂ ಕರೆದುಕೊಂಡು ಹೋದಳು. ನಾಯಿ ಇರಲಿಲ್ಲ. ಹಜಾರದಲ್ಲಿದ್ದ ಒಂದೇ ಒಂದು ಒರಗು ಕುರ್ಚಿಯ ಮೇಲೆ ಬೂದು ಬಣ್ಣದ ಬೆಕ್ಕು ಮಲಗಿತ್ತು, ಮೇಡಂ ಕೆಳಗೆ ಚಾಪೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. "ಕುರ್ಚಿ ಮೇಲೆ ಕೂತ್ಕೋಬಾರ್ದಾ ಮೇಡಂ?" ಎಂದು ನಾನು ಕೇಳಿದೆ. ಅವರು ತಗ್ಗಿದ ದನಿಯಲ್ಲಿ, "ಶ್! ಅವ್ಳು ಈಗಷ್ಟೇ ಮಲಗಿದ್ದಾಳೆ" ಎಂದರು. ಇಡೀ ದಟ್ಟಗಳ್ಳಿಯನ್ನು ನಡುಗಿಸುತ್ತಿದ್ದ ಆ ಗಂಟಲು ಪಿಸುಗುಟ್ಟಿದ್ದನ್ನು ಕೇಳಿ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ದಾರಿಯುದ್ದಕ್ಕೂ ನಾವಿಬ್ಬರೂ ಪಿಸುಗುಟ್ಟಿಕೊಂಡೇ ಬಂದೆವು.

ಆಷಾಢ ಬರುವಷ್ಟರಲ್ಲಿ ಪುಟ್ಟ ಮೈದಾನದಲ್ಲಿ ಬುದ್ಧಿವಂತನಾಗಿದ್ದ. ಕೂತ್ಕೋ ಎಂದರೆ ಕೂರುತ್ತಿದ್ದ, ನಿಲ್ಲು ಎಂದರೆ ನಿಲ್ಲುತ್ತಿದ್ದ. ಮನೆಗೆ ಬಂದು ಮೆಟ್ಟಿಲ ಮೇಲೆ ಬಳೆಯ ಸದ್ದು ಕೇಳಿದರೆ ಮಾತ್ರ ಎಲ್ಲ ಮರೆತು ಹಾರುತ್ತಿದ್ದ. ಗೌರಿ ಹಬ್ಬ ಹತ್ತಿರವಾಗುತ್ತಿತ್ತು. ಒಂದು ಭಾನುವಾರ ಶೈಲಾ ಕಣ್ಣೀರು ಹಾಕಿಕೊಂಡು ಮೇಡಂಗೆ ಎಲ್ಲವನ್ನೂ ಹೇಳಿದಳು.

"ಅವ್ನು ಹಾರಿದಾಗ ಅವ್ರು ಏನಂತಾರೆ?" ಎಂದು ಮೇಡಂ ಕೇಳಿದರು.

"ಪರ್ವಾಗಿಲ್ಲ ಅಂತಾರೆ ಮೇಡಂ. ನಗ್ತಾರೆ. ಬೆನ್ನೂ ತಡವ್ತಾರೆ."

"ಇನ್ನೇನಮ್ಮ! ದಿನಾ ಬೆಳಿಗ್ಗೆ ಅವ್ರೇ ಶಭಾಷ್ ಅಂತಿದ್ದಾರಲ್ಲ. ಅವನು ಪಾಪ, ತಪ್ಪದೆ ಡ್ಯೂಟಿ ಮಾಡ್ತಿದ್ದಾನೆ. ನಾಯಿಗೆ ಪಾಠ ಮುಗೀತು. ಇನ್ನು ಆಕೇನ ಕರ್ಕೊಂಡ್ಬನ್ನಿ."

ಮನೆ ಕೊಟ್ಟವರ ಹೆಂಡತಿಯನ್ನು, ನಿಮಗೂ ನಾಯಿಯ ಕ್ಲಾಸಿದೆ ಬನ್ನಿ ಎಂದು ಕರೆಯುವುದು ಹೇಗೆ? ನಾವು ತೊದಲುತ್ತಿರುವಾಗಲೇ ಮೇಡಂ ಶೂ ದಾರ ಬಿಗಿದುಕೊಂಡು ನಮ್ಮ ಜೊತೆಗೇ ಹೊರಟರು. ವಿಶಾಲಾಕ್ಷಮ್ಮ ಮಹಡಿಯ ಮೆಟ್ಟಿಲ ಮೇಲೆ ನಿಂತು ಪುಟ್ಟ ಎಲ್ಲಿದ್ದಾನೆಂದು ಬಗ್ಗಿ ನೋಡುತ್ತಿದ್ದರು. ಮೇಡಂ ತಲೆಯೆತ್ತಿ ನೋಡಿದವರೇ, "ಸಾವಧಾನ್!" ಎಂದರು.

ವಿಶಾಲಾಕ್ಷಮ್ಮ ಹಿಮ್ಮಡಿ ಕೂಡಿಸಿ, ಕೈ ತೊಡೆಗಂಟಿಸಿ, ಎದೆಯೆತ್ತಿ ನಿಂತುಬಿಟ್ಟರು. ಕೈಯಲ್ಲಿದ್ದ ಬುಟ್ಟಿ ಮೆಟ್ಟಿಲ ಮೇಲೆ ಉರುಳುತ್ತ ಕೆಳಗೆ ಬಂತು. "ಅಯ್ಯೋ, ಪಿ.ಟಿ. ಮೇಡಂ!" ಎಂದು ಆಕೆ ಕೂಗಿದ್ದು ಆಮೇಲೆ.

"ನೀನೇನೇ ವಿಶಾಲು! ಸಾರ್, ಈಕೆ ನನ್ನ ಥ್ರೋಬಾಲ್ ಟೀಮಲ್ಲಿದ್ಲು. ಚೆಂಡು ಇವ್ಳ ಮುಂದೇನೇ ಬಂದ್ರೂ ಹಿಡೀತಿರ್ಲಿಲ್ಲ. ನೀವ್ ಹಿಡ್ಕೊಳ್ಳಿ, ಪರ್ವಾಗಿಲ್ಲ ಅಂತ ಪಕ್ಕದೋಳಿಗೆ ಬಿಡ್ತಿದ್ಲು. ಎದುರು ಟೀಮಿನೋರು ಇವ್ಳನ್ನ ಕಂಡ್ರೆ ಪ್ರಾಣ ಬಿಡ್ತಿದ್ರು!" ಎಂದು ಮೇಡಂ ಕಾಂಪೌಂಡ್ ತುಂಬ ನಕ್ಕರು. ವಿಶಾಲಾಕ್ಷಮ್ಮನಿಗೂ ನಗು ತಡೆಯಲಾಗಲಿಲ್ಲ. ಮೇಡಂ ಕರೆದದ್ದಕ್ಕೆ ಇಲ್ಲವೆನ್ನಲಾರದೆ, ಮುಂದಿನ ಭಾನುವಾರ ಆಕೆ ಗಂಡನಿಗೆ ಭಜನೆಗೆ ಹೋಗುತ್ತೇನೆಂದು ಹೇಳಿ ಮೈದಾನಕ್ಕೆ ಬಂದರು.

ಆಕೆಗೆಂದೇ ಮೇಡಂ ಒಂದು ಪಾಠ ಹೊಸೆದರು. ನಮ್ಮೆಲ್ಲರ ಕೈಗೆ ಒಂದೊಂದು ಕೋಡುಬಳೆ ಕೊಟ್ಟು ಸಾಲಾಗಿ ನಿಲ್ಲಿಸಿದರು. ನಾವು ಒಬ್ಬೊಬ್ಬರೇ ಹೋಗಿ ಉಪಚಾರ ಮಾಡಬೇಕು, ವಿಶಾಲಾಕ್ಷಮ್ಮ "ಬೇಡ" ಎನ್ನಬೇಕು. ಬೇಡ ಅಷ್ಟೇ, ಈಗ ತಾನೇ ತಿಂಡಿ ಆಯ್ತು, ಇನ್ನೊಂದ್ಸಲ ಬರ್ತೀನಿ, ಹಲ್ಲು ನೋವು ಎನ್ನುವ ಕಾರಣಗಳು ನಿಷಿದ್ಧ. ಮೈಸೂರಿನವರಿಗೆ ಇದಕ್ಕಿಂತ ಘೋರ ಶಿಕ್ಷೆ ಬೇರೆ ಉಂಟೇ? ಶೈಲಾ ಹೋಗಿ, "ತಗೊಳ್ಳಿ ಆಂಟಿ, ಒಂದೇ ಒಂದು" ಎಂದಳು. ಆಕೆ ತಗೊಂಡರು. ಆಡಿಟರ್, "ಮನೇಲೇ ಮಾಡಿದ್ದು" ಎಂದು ಸುಳ್ಳೇ ಹೇಳಿದರು. ತಗೊಂಡರು. ನಾನು, "ನಮ್ಮೇಲೆ ಕೋಪಾನಾ?" ಎಂದೆ. ಅದನ್ನೂ ತಗೊಂಡರು. ಬಾಯಿ ತುಂಬಿ ಕೆನ್ನೆ ಊದಿಕೊಂಡು, ಆಕೆ ಬೇಡ ಎನ್ನಲು ಪ್ರಯತ್ನಪಟ್ಟಾಗ ಬರೀ ಪುಡಿ ಹಾರಿತು. ಮೇಡಂ ಹೊಂಗೆ ಮರಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕು ಮುಗಿದ ಮೇಲೆ, "ಮತ್ತೆ ಮೊದಲಿಂದ" ಎಂದರು.

ಹೀಗೆ ಹಲವು ಭಾನುವಾರ. ವಿಶಾಲಾಕ್ಷಮ್ಮ ತೂಕ ಹೆಚ್ಚಿಸಿಕೊಂಡರೇ ಹೊರತು ಬೇಡ ಎನ್ನಲಿಲ್ಲ. ಕೊನೆಗೊಂದು ದಿನ ಶಿವಣ್ಣನವರು ವಿಭೂತಿಯ ಹಣೆಯನ್ನು ಮುಂದೆ ಚಾಚಿ, "ಅಂಗನ್ಬೇಡಿ ತಾಯಿ, ದೇವ್ರ ಪ್ರಸಾದ ಅನ್ಕಂಡು ತಗಳಿ, ಇಲ್ಲ ಅಂದ್ರೆ ನಂದಿ ಬೇಜಾರ್ ಮಾಡ್ಕತಾನೆ" ಎಂದು ಕೋಡುಬಳೆಯನ್ನು ತುಟಿಯವರೆಗೂ ಒಯ್ದರು. ಆಕೆಯ ಮುಖ ಕೆಂಪಾಯಿತು. ಕಣ್ಣು ಮುಚ್ಚಿಕೊಂಡರು.

"ಬೇಡ!"

ಅಷ್ಟು ವರ್ಷ ಒಳಗೇ ಉಳಿದಿದ್ದ ಬೇಡಗಳೆಲ್ಲ ಒಟ್ಟಿಗೆ ಹೊರಗೆ ಬಂದ ಸದ್ದು ಅದು. ಹೊಂಗೆ ಮರದ ಕಾಗೆಗಳು ಎದ್ದವು. ನಂದಿ ಕೂತಿತು, ರಾಕಿ ಕೂತಿತು, ಪುಟ್ಟನೂ ಕೂತ. ಶಿವಣ್ಣನವರು ಗಾಬರಿಯಲ್ಲಿ ಕೋಡುಬಳೆಯನ್ನು ತಮ್ಮ ಬಾಯಿಗೇ ಹಾಕಿಕೊಂಡರು. ವಿಶಾಲಾಕ್ಷಮ್ಮ ಕಣ್ಣು ತೆರೆದು, ಸುತ್ತ ನೋಡಿ, "ತಪ್ಪಾಯ್ತಾ?" ಎಂದು ಕೇಳಿದರು. ಮೇಡಂ ಓಡಿಹೋಗಿ ಆಕೆಯನ್ನು ತಬ್ಬಿಕೊಂಡರು. ಅವರು ನಮ್ಮ ಕ್ಲಾಸಿನಲ್ಲಿ ಯಾರನ್ನಾದರೂ ತಬ್ಬಿಕೊಂಡದ್ದು ನಾನು ಕಂಡಂತೆ ಅದೇ ಮೊದಲು.

ಗೌರಿ ಹಬ್ಬದ ಹಿಂದಿನ ಭಾನುವಾರ ಜಿನುಗು ಮಳೆಯಿತ್ತು. ವಿಶಾಲಾಕ್ಷಮ್ಮ ಪುಟ್ಟನ ಹಗ್ಗ ಹಿಡಿದು ಮೈದಾನದಲ್ಲಿ ನಡೆಯುತ್ತಿದ್ದರು. ಅವನು ಉತ್ಸಾಹ ತಡೆಯಲಾರದೆ ಮುಂಗಾಲೆತ್ತಿದರೆ, ಆಕೆ ಹೆಜ್ಜೆ ನಿಲ್ಲಿಸಿ ಒಂದು ಬೇಡ ಎನ್ನುವರು, ಅವನು ಕಾಲಿಳಿಸುವನು. ಅಷ್ಟರಲ್ಲಿ ಛತ್ರಿ ಹಿಡಿದು ಮನೆ ಯಜಮಾನರು ಬಂದರು. ನಾನು ಮನೆಯಲ್ಲಿ ಸಿಗಲಿಲ್ಲವೆಂದು ಹುಡುಕಿಕೊಂಡು ಬಂದಿದ್ದರಂತೆ. ದೂರದಿಂದಲೇ, "ಸಾರ್, ಹಬ್ಬ ಬಂದೇಬಿಡ್ತು. ನಾಯಿ ವ್ಯವಸ್ಥೆ ಏನಾಯ್ತು?" ಎಂದರು. ಆಮೇಲೆ ಅವರಿಗೆ ಹಗ್ಗ ಕಂಡಿತು. ಹಗ್ಗದ ಈ ತುದಿಯಲ್ಲಿ ಭಜನೆಗೆ ಹೋಗಿದ್ದ ಹೆಂಡತಿ ಕಂಡರು.

ಶೈಲಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ವಿಶಾಲಾಕ್ಷಮ್ಮ ಒಂದು ಸಲ ಮೇಡಂ ಕಡೆ ನೋಡಿದರು. ಮೇಡಂ ಬೇಕೆಂದೇ ಮುಖ ತಿರುಗಿಸಿಕೊಂಡು ತಮ್ಮ ಶೂ ನೋಡುತ್ತ ನಿಂತರು.

"ನಾಯಿ ಎಲ್ಲೂ ಹೋಗೋದ್ ಬೇಡ" ಎಂದರು ವಿಶಾಲಾಕ್ಷಮ್ಮ.

ಯಜಮಾನರು ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಅಲ್ಲ ಕಣೇ, ನೀನೇ ತಾನೇ ಹೇಳಿದ್ದು? ನಂಗೆ ಆ ನಾಯಿ ಕಂಡ್ರೆ ಆಗಲ್ಲ, ಹೆದ್ರಿಕೆ ಅಂತ ದಿನಾ ಹೇಳ್ಲಿಲ್ವಾ?"

"ಹೇಳಿದ್ದೆ ಕಣ್ರೀ. ನಾಯಿ ಹತ್ರ ಹೇಳ್ಬೇಕಿತ್ತು, ನಿಮ್ಮ ಹತ್ರ ಹೇಳ್ಬುಟ್ಟೆ."

ಯಜಮಾನರು ಹೆಂಡತಿಯನ್ನು ನೋಡಿದರು, ಪುಟ್ಟನನ್ನು ನೋಡಿದರು. ಪುಟ್ಟ ಬಾಲದಿಂದ ಕೆಸರು ಗುಡಿಸುತ್ತಿದ್ದ, ಆದರೆ ಕೂತಲ್ಲಿಂದ ಏಳಲಿಲ್ಲ. ಇಷ್ಟು ಜನರ ಮುಂದೆ ಸುಮ್ಮನೆ ವಾಪಸ್ಸು ಹೋಗುವುದು ಹೇಗೆಂದು ಯಜಮಾನರಿಗೆ ಸಂಕೋಚವಾಗಿರಬೇಕು. ಛತ್ರಿ ಮಡಚಿ, ಮೇಡಂ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು, "ಮೇಡಂ, ಈ ಕ್ಲಾಸಿಗೆ... ನಾಯಿ ಇಲ್ದೇ ಇರೋರೂ ಸೇರ್ಬೋದಾ?" ಎಂದು ಕೇಳಿದರು.

ಮೇಡಂ ತಲೆಯೆತ್ತಿದರು. "ಯಾಕ್ ಸಾರ್ ಹಾಗಂತೀರಿ? ನಿಮ್ಮ ಮನೇಲೇ ಇದ್ಯಲ್ಲ ನಾಯಿ!"

ಯಜಮಾನರು ಪುಟ್ಟನ ಕಡೆ ಇನ್ನೊಮ್ಮೆ ತಿರುಗಿದರು. "ಹೌದಲ್ವೇ" ಎಂದರು. ಪುಟ್ಟನ ಹಗ್ಗ ಅವರ ಕೈಗೆ ಬಂತು, ಎಲ್ಲರಂತೆ ಅವರೂ ಮೊದಲ ದಿನ ಅದನ್ನು ತಪ್ಪು ಕೈಯಲ್ಲೇ ಹಿಡಿದುಕೊಂಡರು.